ಬಳೆಯ ಗುರುತು

ಆ ಹಳೆಯ ಕಾಗದದ ತುದಿಯಲ್ಲಿ ಮಸಿಯಿಂದ ಬರೆದ ಒಂದು ಬಳೆಯಿತ್ತು. ಓದುಬರಹ ಬಾರದವರು ಆಗ ಹಾಗೆಯೇ ಸಹಿ ಹಾಕುತ್ತಿದ್ದರು. ರೈತನಾದರೆ ನೇಗಿಲು, ಹೆಂಗಸಾದರೆ ಬಳೆ.

ಹಳೆಯ ಪತ್ರಗಳ ಮೋಡಿ ಲಿಪಿಯನ್ನು ಓದಬಲ್ಲವನು ನಮ್ಮೂರಲ್ಲಿ ನಾನೊಬ್ಬನೇ ಉಳಿದಿದ್ದೆ. ಹೊಲದ ಪತ್ರ ಹಿಡಿದು ಬಂದವರಿಗೆ ಅವರ ಅಜ್ಜ ಮುತ್ತಜ್ಜಂದಿರನ್ನು ಹುಡುಕಿಕೊಡುತ್ತಿದ್ದೆ. ಅದರ ಜಂಬವೂ ನನಗೆ ಸಾಕಷ್ಟಿತ್ತೆನ್ನಿ. ಆ ದಿನ ಬಂದವಳು ಕೆಳಗಿನ ಓಣಿಯ ನೀಲವ್ವ.

“ರಾಯರ, ನಮ್ಮ ಮನೆತನದ ಮೂಲದಾಕಿ ಹೆಸರು ಇದರಾಗ ಐತಂತ. ನಾಡದು ಮೊಮ್ಮಗಳನ್ನ ತೊಟ್ಟಿಲಾಗ ಹಾಕ್ತೀವಿ. ಆಕಿ ಹೆಸರನ್ನ ಇಡಬೇಕಂತ ನಮ್ಮತ್ತಿ ಸಾಯೂಮುಂದ ಹೇಳ್ಯಾಳ.”

ಹೆಸರು ಸ್ಪಷ್ಟವಾಗಿಯೇ ಇತ್ತು: ಸಂಕವ್ವ. ಅದರ ಕೆಳಗೆ ನಮ್ಮ ಮುತ್ತಜ್ಜನ ಹೆಸರೂ ಇತ್ತು. ಗಂಡ ಸತ್ತ ಸಂಕವ್ವ, ಮಗ ದೊಡ್ಡವನಾಗುವ ತನಕ ನೋಡಿಕೊಳ್ಳಿರೆಂದು ಬಾವಿಯ ಹೊಲವನ್ನು ಅವನ ವಶಕ್ಕೆ ಕೊಟ್ಟಿದ್ದಳು. ಆ ಹೊಲ ತಿರುಗಿ ಹೋಗಲೇ ಇಲ್ಲ. ನಾನು ಕೂತು ಓದುತ್ತಿದ್ದ ಮನೆಯನ್ನು ಕಟ್ಟಿದ್ದೇ ಅದರ ಹುಟ್ಟುವಳಿಯಿಂದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆ ಹೆಸರು ಹಿಡಿದು ಕಚೇರಿಯ ದಫ್ತರದಲ್ಲಿ ಹುಡುಕಿಸಿ ಇವರು ನನ್ನ ಬಾಗಿಲಿಗೇ ಬಂದಾರೆಂದು ಹೆದರಿದೆ.

“ತುಳಸವ್ವ ಅಂತ ಅದ ನೋಡ್ರಿ,” ಎಂದೆ. ಬಾಯಿಗೆ ಬಂದದ್ದು ಅದೇ ಮುತ್ತಜ್ಜನ ಹೆಂಡತಿಯ ಹೆಸರು.

“ಎಷ್ಟ್ ಚೆಂದ ಐತ್ರಿ ನಮ್ಮವ್ವನ ಹೆಸರು!” ನೀಲವ್ವ ಕಣ್ಣೊರೆಸಿಕೊಂಡು ಕಾಗದವನ್ನು ಹಣೆಗೊತ್ತಿಕೊಂಡಳು. ಮೂರನೆಯ ದಿನ ತೊಟ್ಟಿಲ ಗುಗ್ಗರಿ ಕಳಿಸಿದಳು. ಅದನ್ನು ಹಾಗೆಯೇ ದನದ ಬಾನಿಗೆ ಸುರಿದೆ. ಥೂ, ನನ್ನ ಬಾಳೇ ಎಂದುಕೊಂಡೆ.

ಹದಿನೆಂಟು ವರ್ಷ, ಓಣಿಯಲ್ಲಿ “ತುಳಸವ್ವಾ” ಎಂಬ ಕೂಗು ಕೇಳಿದಾಗಲೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಹೇಳಲಿಲ್ಲ. ನೀಲವ್ವ ಸತ್ತಳು, ಆಗಲೂ ಹೇಳಲಿಲ್ಲ. ಆಮೇಲೊಂದು ದಿನ ಆ ಹುಡುಗಿಯೇ ಬಂದು ನಿಂತಳು.

“ಅಜ್ಜಾರ, ನನಗೂ ಮೋಡಿ ಕಲಿಸ್ರಿ. ನನ್ನ ಹೆಸರು ಎಲ್ಲೈತಿ ಅಂತ ನಾನ ಓದಬೇಕು.”

ಆಗುವುದಿಲ್ಲ ಎನ್ನಬಹುದಿತ್ತು. ಕಲಿಸಿದೆ, ನಾಲ್ಕು ತಿಂಗಳು. ಬಾಯಿಬಿಟ್ಟು ಹೇಳಲಾಗದ್ದನ್ನು ಅವಳೇ ಓದಿಕೊಳ್ಳಲಿ ಎಂಬ ಹೇಡಿತನವೂ ಅದರಲ್ಲಿತ್ತು. ಕೊನೆಗೆ ಅವಳು ಅಜ್ಜಿಯ ಕಾಗದವನ್ನು ತಂದು ಬಿಚ್ಚಿದಳು. ಬೆರಳು ಒಂದೊಂದೇ ಸಾಲು ಇಳಿದು ಬಳೆಯ ಹತ್ತಿರ ನಿಂತಿತು.

“ತುಳಸವ್ವ ಅಂತ ಎಲ್ಲೂ ಇಲ್ಲಲ್ರಿ! ಯಾರ್ರಿ ಈ ಸಂಕವ್ವ?”

“ನೀನ ಆಗಬೇಕಾಗಿತ್ತವ್ವಾ,” ಎಂದೆ. “ನಾನು ತಪ್ಪಿಸಿದೆ.”

ಅವಳು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು, ಈ ಸಲ ಗಟ್ಟಿಯಾಗಿ. ಮುತ್ತಜ್ಜನ ಹೆಸರು ಬಂದಾಗ ತಲೆಯೆತ್ತಿ ಮನೆಯ ತೊಲೆಯ ಮೇಲೆ ಕೆತ್ತಿದ್ದ ಅದೇ ಹೆಸರನ್ನು ನೋಡಿದಳು. ನಾನು ಎದ್ದು ಹೊಸ್ತಿಲಿನಾಚೆ ಹೋಗಿ ನಿಂತೆ. ಒಳಗೆ ಅವಳ ಬೆರಳು ಸಾಲು ಹಿಡಿದು ಸರಿದಂತೆ ಗಾಜಿನ ಬಳೆ ಸಣ್ಣಗೆ ಸದ್ದು ಮಾಡುತ್ತಿತ್ತು.