ಪ್ರವೇಶದ ಚಪ್ಪಾಳೆ

ಚಪ್ಪಾಳೆ ಬೇಡ ಎಂದವಳು ಸ್ವತಃ ನಟಿ ರಾಸ್ಲಿನ್ ಟೀಗ್. ತಾಲೀಮಿನ ಮೊದಲ ದಿನ, ಎದೆಯ ಮೇಲೆ ಕೈಯಿಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದಳು: "ನಾನು ಬಂದ ತಕ್ಷಣ ಜನ ಚಪ್ಪಾಳೆ ಹೊಡೆದ್ರೆ ನಾಟಕ ಅಲ್ಲೇ ಸತ್ತುಹೋಗುತ್ತೆ. ನನಗದು ಆಗಿಬರಲ್ಲ."

ರಂಗಮಂದಿರಗಳೇ ತುಂಬಿದ ನಲವತ್ತೈದನೇ ಬೀದಿಯ ನಾಟಕಗಳಲ್ಲಿ ಹೆಸರುವಾಸಿ ನಟಿ ಮೊದಲ ಸಲ ಕಾಣಿಸಿಕೊಂಡಾಗ ಪ್ರೇಕ್ಷಕರು ಚಪ್ಪಾಳೆ ತಟ್ಟಿಯೇ ತಟ್ಟುತ್ತಾರೆ. ನಟಿಯರೆಲ್ಲ ಅದು ಬೇಡವೆನ್ನುತ್ತಾರೆ. ಚಪ್ಪಾಳೆ ಬಿದ್ದಾಗ ಕಿರಿಕಿರಿಯಾದವರಂತೆ ನಿಂತು, ಕೊನೆಯ ಎರಡು ಕೈ ಸುಮ್ಮನಾಗುವವರೆಗೂ ಕಾಯುತ್ತಾರೆ. ಇಪ್ಪತ್ತೊಂಬತ್ತು ವರ್ಷಗಳಿಂದ ರಾಸ್ಲಿನ್‌ಗೆ ಉಡುಪು ತೊಡಿಸುತ್ತ ಬಂದಿದ್ದ ಲೋಲಾಗೆ ಇದೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಿರ್ದೇಶಕ ಕೇಲಬ್ ಒಬ್ಬನೇ. ಮೂವತ್ತನಾಲ್ಕರ ಹುಡುಗ, ಹೇಳಿದ್ದನ್ನು ನಂಬಿಬಿಟ್ಟ.

ನಾಟಕದ ಕಥೆ ನಡೆಯುವುದು ಹೋಟೆಲೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ದೀಪ ಅರ್ಧಕ್ಕಿಳಿದಾಗ ಐವರು ಹೆಂಗಸರು ಬಟ್ಟೆಯ ಗಂಟು ಹೊತ್ತು ಸಾಲಾಗಿ ಬರುತ್ತಾರೆ. ರಾಸ್ಲಿನ್ ಮೂರನೆಯವಳು. ತಲೆಗೆ ವಸ್ತ್ರ, ಪ್ರೇಕ್ಷಕರಿಗೆ ಬೆನ್ನು, ಮೊದಲ ಮಾತು ಬರುವುದು ನಾಲ್ಕು ನಿಮಿಷದ ಮೇಲೆ.

"ನಿಮಗೋಸ್ಕರಾನೇ ಹೀಗೆ ಮಾಡಿದ್ದು," ಅಂದ ಕೇಲಬ್.

"ಎಷ್ಟು ಒಳ್ಳೆಯವನಪ್ಪ ನೀನು," ಅಂದಳು ರಾಸ್ಲಿನ್. ಆ ದಿನ ಮಧ್ಯಾಹ್ನ ಅವಳು ಸ್ಯಾಂಡ್‌ವಿಚ್ ಮುಟ್ಟಲಿಲ್ಲ.

ಒಹಾಯೋದ ಗಿರಣಿ ಊರಿನಿಂದ ಬಂದವಳು. ಇಪ್ಪತ್ತೆರಡಕ್ಕೆ ದಾಸಿಯ ಪಾತ್ರ, ಎರಡು ಮಾತು, ಒಂದು ತಟ್ಟೆ. ಮೂವತ್ತಕ್ಕೆ ರಾಣಿ. ನಲವತ್ತಕ್ಕೆ ಸಿನಿಮಾದಲ್ಲಿ ಮೀನುಗಾರನ ಹೆಂಡತಿಯಾಗಿ ಆ ವರ್ಷದ ಪ್ರಶಸ್ತಿಗಳನ್ನೆಲ್ಲ ಬಾಚಿಕೊಂಡಳು. ಮುಂದೆ ಎಂಟೇ ವರ್ಷಕ್ಕೆ, ಅಲ್ಲಿ ಗಂಡನಾಗಿದ್ದವನಿಗೆ ಇನ್ನೊಂದು ಸಿನಿಮಾದಲ್ಲಿ ತಾಯಿಯಾದಳು. ಅದನ್ನು ಲೋಲಾ ಇನ್ನೂ ಆಡಿಕೊಳ್ಳುವುದು ಬಿಟ್ಟಿಲ್ಲ. ಆಮೇಲೆ ಟಿವಿಯಲ್ಲಿ ಒಂಬತ್ತು ವರ್ಷ ನ್ಯಾಯಾಧೀಶೆ; ಸೊಂಟದಿಂದ ಮೇಲೆ ಮಾತ್ರ ನಟನೆ, ಕಪ್ಪು ನಿಲುವಂಗಿಯ ಕೆಳಗೆ ಮನೆಯ ಚಪ್ಪಲಿ. ರಂಗದ ಮೇಲೆ ಕಾಲಿಟ್ಟು ಹನ್ನೊಂದು ವರ್ಷವಾಗಿತ್ತು.

ಉದ್ಘಾಟನೆಗೆ ಮುಂಚಿನ ಆರು ಪ್ರದರ್ಶನ ಮುಗಿದವು. ಆರರಲ್ಲೂ ಅವಳ ಪ್ರವೇಶಕ್ಕೆ ಒಂದು ಕೈಯೂ ಮೇಲೇಳಲಿಲ್ಲ. ಐದನೆಯದರಲ್ಲಿ ರಾಸ್ಲಿನ್ ರಂಗಕ್ಕೆ ಬರುವ ಬಾಗಿಲಲ್ಲೇ ಒಂದು ಗಳಿಗೆ ನಿಂತು ನೋಡಿದಳು. ಮುಗಿದ ಮೇಲೆ ಕೇಲಬ್ ಬಂದು ಮೆತ್ತಗೆ ಕೇಳಿದ, "ರಾಸ್ಲಿನ್, ಮಂಡಿ ನೋವಾ? ಗಂಟು ಹಗುರ ಮಾಡಿಸ್ಲಾ?" ಲೋಲಾ ಬೀರುವಿನೊಳಗೆ ತಲೆ ತೂರಿಸಿ ನಗು ನುಂಗಿಕೊಂಡಳು.

ಬುಧವಾರ ಮಧ್ಯಾಹ್ನದ ಆಟಕ್ಕೆ ಅರ್ಧ ಗಂಟೆ ಇದೆ ಎನ್ನುವಾಗ, ಗ್ರೀನ್ ರೂಮಿನಲ್ಲಿ ಲೋಲಾ ಅವಳ ತಲೆವಸ್ತ್ರ ಕಟ್ಟುತ್ತಿದ್ದಳು.

"ಮೊನ್ನೆ ನಿಂತೆ. ನಿನ್ನೆ ಕೆಮ್ಮಿದೆ. ಇವತ್ತೇನು, ಹೆಸರಿನ ಹಲಗೆ ಕುತ್ತಿಗೆಗೆ ತೂಗಿಹಾಕ್ಲಾ?"

"ಧೂಳು ಕಣೇ ಅಲ್ಲಿ."

"ಹೌದೌದು, ಮೂರನೆಯವಳಿಗೆ ಮಾತ್ರ ಧೂಳು."

ರಾಸ್ಲಿನ್ ಕನ್ನಡಿಯೊಳಗಿನಿಂದಲೇ ಗುರಾಯಿಸಿದಳು. "ಬುಧವಾರ ಬರೋರು ನ್ಯೂಜೆರ್ಸಿ ಅಜ್ಜಿಯರು. ಬಸ್ ಮಾಡ್ಕೊಂಡು ಬರ್ತಾರೆ, ಕಂಡಿದ್ದಕ್ಕೆಲ್ಲ ಚಪ್ಪಾಳೆ ಹೊಡೀತಾರೆ. ಕಳೆದ ಬುಧವಾರ ಇಸ್ತ್ರಿ ಮೇಜಿಗೆ ಹೊಡೆದ್ರು. ದೀಪ ಬಂತು, ಮೇಜು ಕಾಣಿಸ್ತು, ಹೊಡೆದ್ರು. ನನಗಿಲ್ಲ."

"ಮೇಜು ಚೆನ್ನಾಗಿದೆ, ಸುಮ್ನೆ ಹೇಳ್ಬಾರ್ದು."

ರಾಸ್ಲಿನ್ ನಗಲಿಲ್ಲ. "ಹನ್ನೊಂದು ವರ್ಷ ದೊಡ್ಡದು, ಲೋಲಾ. ಇಲ್ಲಿ ಯಾರೂ ನನ್ನನ್ನ ಕಾಯ್ತಿರ್ಲಿಲ್ಲ ಅನ್ಸುತ್ತೆ. ಒಂದು ಸಲ ಕೇಳಿಸಿದ್ರೆ ಸಾಕಿತ್ತು."

ಲೋಲಾ ಬಾಯಲ್ಲಿ ಕಚ್ಚಿದ್ದ ಪಿನ್ನು ತೆಗೆದಳು. "ಒಬ್ರು ಶುರು ಮಾಡಿದ್ರೆ ಉಳಿದೋರು ತಾವೇ ಹೊಡೀತಾರೆ. ನಾನು ಹೋಗಿ ಹಿಂದುಗಡೆ ನಿಂತ್ಕೊಳ್ಲಾ?"

"ಛೀ. ನಾನಿನ್ನೂ ಅಷ್ಟು ಕೆಳಗಿಳಿದಿಲ್ಲ."

ತಲೆವಸ್ತ್ರದ ಗಂಟು ಬಿಗಿಯಾಯಿತು. ಪಿನ್ನು ಸಿಕ್ಕಿಸಿದ್ದಾಯಿತು.

"ಎಡಗಡೆ ನಿಂತ್ಕೋ," ಅಂದಳು ರಾಸ್ಲಿನ್. "ಬಲಗಡೆ ಕಂಬ ಅಡ್ಡ ಬರುತ್ತೆ."

ಲೋಲಾ ಹೋಗಿ ಪ್ರೇಕ್ಷಕರ ಕೊನೆಯ ಸಾಲಿನ ಹಿಂದೆ, ಎಡಗಡೆ ಗೋಡೆಗೆ ಒರಗಿ ನಿಂತಳು. ಈ ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ರಾಸ್ಲಿನ್ ಅಭಿನಯವನ್ನು ರಂಗದ ಪಕ್ಕದಿಂದಲೇ ನೋಡಿದ್ದು, ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಮುಂದಿನ ಅಂಕದ ಲಂಗ. ಮುಂದಿನಿಂದ ನೋಡುವುದಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ದೀಪ ಇಳಿಯಿತು. ಅವಳು ಎರಡೂ ಅಂಗೈಗಳನ್ನು ಲಂಗಕ್ಕೆ ಒರೆಸಿ ಸಿದ್ಧ ಮಾಡಿಕೊಂಡಳು.

ಒಬ್ಬಳು ಬಂದಳು. ಇನ್ನೊಬ್ಬಳು. ಅವರ ಹಿಂದೆ ಒಬ್ಬ ಮುದುಕಿ, ಗಂಟನ್ನು ಹೊಟ್ಟೆಗೆ ಒತ್ತಿಕೊಂಡು, ಒಂದು ಕಾಲಿಗಿಂತ ಇನ್ನೊಂದನ್ನು ಜೋಪಾನವಾಗಿ ಊರುತ್ತ ಬಂದಳು. ಗಂಟನ್ನು ಮೇಜಿನ ಮೇಲೆ ಇಳಿಸಿ, ಯಾರೂ ನೋಡುತ್ತಿಲ್ಲವೆಂದುಕೊಂಡು ಸೊಂಟ ನೀವಿಕೊಂಡಳು. ಪಕ್ಕದವಳ ಗಂಟು ಚಿಕ್ಕದಿತ್ತು. ಮುದುಕಿ ಅತ್ತ ಇತ್ತ ನೋಡಿ, ತನ್ನದನ್ನು ಮೆಲ್ಲಗೆ ಅತ್ತ ಸರಿಸಿ, ಆ ಚಿಕ್ಕದನ್ನು ಇತ್ತ ಎಳೆದುಕೊಂಡಳು. ಲೋಲಾಗೆ ನಗು ಬಂತು. ಪಾಪ, ಈ ವಯಸ್ಸಿನವಳನ್ನು ಇನ್ನೂ ದುಡಿಸಿಕೊಳ್ಳುತ್ತಾರಲ್ಲ, ಯಾರಾದರೂ ಕುರ್ಚಿ ಕೊಡಬಾರದೆ ಎಂದುಕೊಂಡಳು.

"ನೀರು ತಣ್ಣಗಿದೆ," ಅಂದಳು ಮುದುಕಿ.

ಆಗ ಲೋಲಾಗೆ ಎಚ್ಚರವಾಯಿತು. ಆ ತಲೆವಸ್ತ್ರ ಕಟ್ಟಿದ್ದು ತನ್ನದೇ ಕೈ. ಚಪ್ಪಾಳೆಯ ಹೊತ್ತು ಮೀರಿತ್ತು.

ಮಧ್ಯಂತರದಲ್ಲಿ ರಾಸ್ಲಿನ್ ಬಾಗಿಲು ಹಾಕಿಕೊಂಡು ಕಾಯುತ್ತಿದ್ದಳು. "ನಿನ್ನ ಕೈಗೇನಾಗಿತ್ತು?"

"ಮರೆತೆ."

"ಮರೆತೆ?"

"ನಿನಗೋಸ್ಕರಾನೇ ಕಾಯ್ತಿದ್ದೆ. ನೀನು ಬರ್ಲೇ ಇಲ್ಲ."

"ಮೂರನೆಯವಳು ಕಣೇ ನಾನು. ಮೂರರತನಕ ಎಣಿಸೋಕೆ ಬರಲ್ವಾ?"

"ಮೂರನೆಯವಳು ಯಾರೋ ಸೊಂಟ ಬಿದ್ದೋದ ಕಳ್ಳಮುದುಕಿ. ಅವಳನ್ನ ನೋಡ್ತಾ ನಿಂತುಬಿಟ್ಟೆ."

ರಾಸ್ಲಿನ್ ನಿಧಾನವಾಗಿ ಕುರ್ಚಿಯಲ್ಲಿ ಕುಳಿತು, ಒಂದು ಕಾಲುಚೀಲ ಬಿಚ್ಚಿದಳು, ಇನ್ನೊಂದನ್ನು ಬಿಚ್ಚುವುದು ಮರೆತಳು.

"ಎಷ್ಟು ಮುದುಕಿ?"

"ಎಪ್ಪತ್ತೈದು."

ರಾಸ್ಲಿನ್‌ಗೆ ಅರವತ್ತೆಂಟು. "ಗಂಟು ಬದಲಾಯಿಸಿದ್ದು ಹಿಂದಿನ ಸಾಲಿಗೂ ಕಾಣಿಸ್ತಾ?"

"ಚೆನ್ನಾಗಿ. ಕೊನೇ ಸಾಲಿನ ಒಬ್ಬ ಅಜ್ಜಿ 'ನೋಡೇ ಇವಳನ್ನ' ಅಂತ ತನ್ನ ಗೆಳತಿಯನ್ನ ತಿವಿದ್ಲು."

"ಮೊದಲಿಂದ ಹೇಳು. ನಾನು ಒಳಗೆ ಬಂದಾಗಿಂದ."

"ಹತ್ತು ನಿಮಿಷ ಇದೆ, ಮೊದಲು ಲಂಗ ಹಾಕ್ಕೋ."

"ಹಾಕು ನೀನು. ನನಗೆ ಕೇಳೋ ಕೆಲಸ ಇದೆ."

ಲೋಲಾ ಮಂಡಿಯೂರಿ ಕೊಕ್ಕೆ ಹಾಕುತ್ತ ಮೊದಲಿಂದ ಹೇಳಿದಳು. ಎರಡನೆಯ ಸಲ ಹೇಳುವಾಗ ಎಪ್ಪತ್ತೈದನ್ನು ಎಂಬತ್ತು ಮಾಡಿದಳು. ರಾಸ್ಲಿನ್ ತಿದ್ದಲಿಲ್ಲ; ಆ ಭಾಗವನ್ನು ಇನ್ನೊಮ್ಮೆ ಹೇಳಿಸಿಕೊಂಡಳು.