ಶೆರಿಫನಿಗೆ ಹೇಳು

"ಶೆರಿಫ್, ಗಾಡಿ ಬಿಟ್ಟು ನಡೆದೋದೋರು ಮೂಳೆಯಾಗೇ ಸಿಗೋದು ಕಣೋ," ಎಂದು ಹಿಂದಿನ ಸೀಟಿನಲ್ಲಿದ್ದ ಡಲ್ಸಿ ತನ್ನ ನಾಯಿಗೆ ಹೇಳಿದಳು.

ಮುಂದಿನ ಸೀಟಿಗೂ ಹಿಂದಿನದಕ್ಕೂ ನಡುವೆ ಕಂಬಳಿ ಇಳಿಬಿಟ್ಟಿತ್ತು. ಅವರ ಆದಿವಾಸಿ ಕುಲದ ಕಟ್ಟಳೆಯಂತೆ ಅತ್ತೆ ಅಳಿಯನ ಮುಖ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ, ಹೆಸರು ಹಿಡಿದು ಕೂಗುವಂತಿಲ್ಲ. ಹಾಗಾಗಿ ಇಬ್ಬರ ಮಾತನ್ನೂ ನಾಯಿಯೇ ಹೊರಬೇಕಿತ್ತು.

ಬೆಳಿಗ್ಗೆ ಒಂದು ಟೈರು ಕಲ್ಲಿಗೆ ಸೀಳಿ, ಅಳಿಯ ಸೆಲ್ವಿನ್ ಸ್ಟೆಪ್ನಿ ಹಾಕಿದ್ದ. ಈಗ ಅದೂ ಗಾಳಿ ಬಿಟ್ಟಿತ್ತು. ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ ಅವನ ಹೆಂಡತಿ ರೊಸೀನಾಗೆ ಚೊಚ್ಚಲ ಹೆರಿಗೆ. ಇಲ್ಲಿ ಕ್ಯಾನಿನ ತಳದಲ್ಲಿ ನಾಳೆಯವರೆಗಿನ ನೀರು. ಈ ಮರಳುಗಾಡಿನ ದಾರಿಗೆ ಇನ್ನೊಂದು ಗಾಡಿ ಯಾವಾಗ ಬರುವುದೋ.

ಸೆಲ್ವಿನ್ ಗಾಲಿ ಕಳಚಿ ಪಕ್ಕಕ್ಕೆಸೆದ. "ಶೆರಿಫ್, ದಿಬ್ಬದಾಚೆ ದನಗಳ ಕೊಳವೆಬಾವಿ ಐತೆ ಅಂತ ನಿಮ್ಮಜ್ಜಿಗೆ ಹೇಳು. ಹಿಂಗೋಗಿ ಹಂಗ್ ಬರ್ತೀನಿ. ಹೀರೋ ಇಂಟರ್‌ವೆಲ್‌ಗಿಂತ ಮುಂಚೆ ಸಾಯಲ್ಲ."

"ಹೀರೋ ಎಲ್ಲವ್ನೆ ಅಂತ ಕೇಳೋ ಶೆರಿಫ್. ನಂಗೆ ಕೇಳಿಸ್ತಿರೋದು ಕಾಮಿಡಿಯೋನ ದನಿ."

ಶೆರಿಫ್ ಆಕಳಿಸಿತು.

ಸೆಲ್ವಿನ್ ಕೂಲಿಂಗ್ ಗ್ಲಾಸ್ ಏರಿಸಿ, ಬಾಟಲಿ ಹಿಡಿದು, ಸ್ಲೋ ಮೋಷನ್ನಿನಲ್ಲಿ ಹೊರಟ. ಕೆಂಪು ದಿಬ್ಬ. ಅದರಾಚೆ ಅದರ ತದ್ರೂಪು. ಅದರಾಚೆಯೂ ಅದೇ. ಕೊಳವೆಬಾವಿಯ ಸುಳಿವಿಲ್ಲ. ತಿರುಗಿ ನೋಡಿದರೆ ಅವನ ಹೆಜ್ಜೆಗಳನ್ನು ಗಾಳಿ ಒರೆಸಿಬಿಟ್ಟಿತ್ತು.

"ಏಯ್, ಯಾರತ್ರ ಆಟ ಆಡ್ತಿದೀಯ ಗೊತ್ತಾ?" ಎಂದು ಬಯಲಿಗೆ ಡೈಲಾಗ್ ಹೊಡೆದ. ಮರಳು ಅದನ್ನು ಕುಡಿದು ಸುಮ್ಮನಾಯಿತು. ಈ ಬಯಲನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಬಯಲು ಅವನನ್ನು ನೋಡಿದ್ದು ಇದೇ ಮೊದಲು.

ಬಾಟಲಿ ಬರಿದಾಗಿತ್ತು. ಆಗ ಬೆನ್ನ ಹಿಂದೆ, ಗಾಡಿ ಇರಲು ಸಾಧ್ಯವೇ ಇಲ್ಲವೆಂದು ಅವನು ಅಂದುಕೊಂಡಿದ್ದ ದಿಕ್ಕಿನಲ್ಲಿ, ಹೊಗೆ ಎದ್ದಿತು. ಕಪ್ಪಗೆ, ದಪ್ಪಗೆ, ಏರುತ್ತ ಏರುತ್ತ ಸೂರ್ಯನನ್ನೇ ಮುಚ್ಚಿತು. ಅವನ ಹೆಸರು ಕೂಗಲಾರದವಳು ಬಯಲಿನ ಮುಳ್ಳುಹುಲ್ಲಿಗೇ ಬೆಂಕಿ ಹಚ್ಚಿದ್ದಳು.

ಅವನು ಬಂದು ಮುಟ್ಟಿದಾಗ ಡಲ್ಸಿ ದೂರದಲ್ಲಿ ಬೆನ್ನು ಹಾಕಿ ಕೂತಿದ್ದಳು. ಗಾಲಿಯ ಬಳಿ ಮುಳ್ಳುಹುಲ್ಲಿನ ರಾಶಿ. ಟೈರಿನ ಒಂದು ಬದಿ ಎಬ್ಬಿ, ಒಳಗೆ ಗಾಳಿಯ ಬದಲಿಗೆ ಅರ್ಧದಷ್ಟು ಹುಲ್ಲು ತುರುಕಿಯೂ ಆಗಿತ್ತು.

"ಶೆರಿಫ್, ಉಳಿದಿದ್ದು ಕಾಮಿಡಿಯೋನ ಪಾಲು ಅನ್ನು. ಬಿಗಿಯಾಗಿ ತುರುಕಲಿ. ನನ್ನ ಮೊಮ್ಮಗು ಕಾಯಲ್ಲ."

ಸೆಲ್ವಿನ್ ಕೂಲಿಂಗ್ ಗ್ಲಾಸ್ ತೆಗೆದು ಜೇಬಿಗಿಟ್ಟ. ಮುಳ್ಳು ಚುಚ್ಚಿಸಿಕೊಳ್ಳುತ್ತಲೇ ತುರುಕಿದ, ಗಾಲಿ ಕೂರಿಸಿದ.

ಗಾಡಿ ಕುಂಟುತ್ತ ಹೊರಟಿತು. ಕಂಬಳಿಯ ಅಡಿಯಿಂದ ಮಸಿ ಮೆತ್ತಿದ ಕೈಯೊಂದು ತಗಡಿನ ಲೋಟವನ್ನು ಮುಂದಕ್ಕೆ ತಳ್ಳಿತು.

"ಬಾಯಾರೈತೇನೋ, ಕುಡಿ ಶೆರಿಫ್."

ಶೆರಿಫ್ ಹಿಂದೆ ಗೊರಕೆ ಹೊಡೆಯುತ್ತಿತ್ತು. ಲೋಟದ ನೀರಿನಲ್ಲಿ ಸಂಜೆಯ ಆಕಾಶ ಒಂದಿಷ್ಟೂ ತುಳುಕದೆ ಅಲುಗುತ್ತಿತ್ತು.