ಹಂಪವ್ವನ ದನಿ ಕಾಯ್ದ ಹೊಲ

ಒಂದಾನೊಂದು ಸೀಮೆಯಲ್ಲಿ, ನಾಲ್ಕು ಕಂಬದ ಅರಮನೆಯಲ್ಲಿ ಒಬ್ಬಳು ರಾಣಿ ಇದ್ದಳು. ಮೂರೆಕರೆ ಎರೆಹೊಲವೇ ಅವಳ ರಾಜ್ಯ, ಹಾಲುದುಂಬಿದ ಬಿಳಿಜೋಳದ ತೆನೆಗಳೇ ಅವಳ ಪ್ರಜೆಗಳು. ವೈರಿಗಳು ಮಾತ್ರ ಮೇಲಿನಿಂದ ಬರುತ್ತಿದ್ದರು, ಹಿಂಡುಹಿಂಡಾಗಿ, ರೆಕ್ಕೆ ಬಡಿಯುತ್ತ. ಕವಣೆ ಬೀಸಿ ಒಂದು ಮೂಲೆಯಿಂದ ಎಬ್ಬಿಸಿದರೆ ಇನ್ನೊಂದು ಮೂಲೆಗೆ ಇಳಿಯುತ್ತಿದ್ದರು. ಹೀಗಾಗಿ ಆ ರಾಣಿಗೆ ಎರಡು ಸಾಲು ಒಟ್ಟಿಗೆ ಓದಲು ಆಗುತ್ತಿರಲಿಲ್ಲ.

ಓದುವುದೋ ಬೆಟ್ಟದಷ್ಟಿತ್ತು. ಅಟ್ಟಣಿಗೆಯ ಮೇಲೆ ಕೂತ ದ್ರಾಕ್ಷಾಯಿಣಿಯ ತೊಡೆಯಲ್ಲಿದ್ದ ಗಣಿತದ ಪುಸ್ತಕ ಬೆಳಗಿನಿಂದ ಅದೇ ಪುಟದಲ್ಲಿ ತೆರೆದುಕೊಂಡು ಬಿದ್ದಿತ್ತು. ಎದ್ದು ನಿಂತು "ಹೊಯ್! ಹೊಯ್!" ಎಂದು ಒದರಿ, ಖಾಲಿ ಎಣ್ಣೆ ಡಬ್ಬಿ ಬಡಿದು ಮತ್ತೆ ಕೂತರೆ ಲೆಕ್ಕವನ್ನು ಮೊದಲ ಸಾಲಿನಿಂದಲೇ ಶುರು ಮಾಡಬೇಕು. ಸೋಮವಾರದಿಂದ ಕೊಪ್ಪಳದಲ್ಲಿ ಅವಳ ಡಿಪ್ಲೊಮಾ ಪರೀಕ್ಷೆ. ದಿನ ಬಿಟ್ಟು ದಿನ ನಾಲ್ಕು ಪೇಪರು. ಕೊನೆಯದು ಹೋದ ಸಲ ಕೈಕೊಟ್ಟಿದ್ದ ಗಣಿತ. ಈ ಸಲವೂ ಅದು ಉಳಿದರೆ ಕಾಲೇಜು ಸಾಕು ಎಂದು ಅಪ್ಪ ಕಳಕಪ್ಪ, ಗಂಗಾವತಿಯ ಅಕ್ಕಿ ಗಿರಣಿಯಿಂದ ವಾರಕ್ಕೊಮ್ಮೆ ಮನೆಗೆ ಬರುವವನು, ಚಹಾ ಕುಡಿಯುತ್ತ ಮೆಲ್ಲಗೇ ಹೇಳಿಬಿಟ್ಟಿದ್ದ. ಮೆಲ್ಲಗೆ ಹೇಳಿದ ಮಾತನ್ನು ಕಳಕಪ್ಪ ಎಂದೂ ಹಿಂತೆಗೆದುಕೊಂಡವನಲ್ಲ.

ಹೊಲ ಕಾಯುವ ಮಾತನ್ನಾದರೂ ಯಾರು ಅವಳ ಮೇಲೆ ಹೊರಿಸಿದ್ದರು? ಅವಳೇ ಕೊಟ್ಟದ್ದು. ಆಯಿ ಹಂಪವ್ವ, ಅಪ್ಪನ ತಾಯಿ, ನಲವತ್ತು ವರ್ಷ ಇದೇ ಅಟ್ಟಣಿಗೆಯ ಮೇಲೆ ಹಕ್ಕಿ ಕಾಯ್ದವಳು. ಈ ವರ್ಷ ಎರಡೂ ಕಣ್ಣಿಗೆ ಪೊರೆ ಬಂದು, ಬಲಗಣ್ಣಿನಲ್ಲಿ ಬೆಳಕು ಬಿಟ್ಟು ಬೇರೇನೂ ಕಾಣದಾದಾಗಲೂ, ರಾಶಿ ಮುಗಿಯುವವರೆಗೆ ಆಪರೇಷನ್ ಬೇಡವೆಂದು ಹಟ ಹಿಡಿದಿದ್ದಳು. "ಕಾಳು ಗಟ್ಟಿ ಆಗೋತನಕ ಹೊಲಾ ನಾ ಕಾಯ್ತೀನಬೇ ಆಯಿ, ನಿನ್ನಾಣಿ," ಎಂದು ದ್ರಾಕ್ಷಿ ಅವಳ ಕೈಹಿಡಿದು ಹೇಳಿದ ಮೇಲೆಯೇ ಮುದುಕಿ ಆಸ್ಪತ್ರೆಯ ಜೀಪು ಹತ್ತಿದ್ದು. ಪರೀಕ್ಷೆಯ ದಿನಗಳು ಆಗ ಗೊತ್ತಾಗಿರಲಿಲ್ಲ. ಈಗ ಆಯಿ ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿದ್ದಾಳೆ, ತಿಂಗಳು ಕಳೆಯುವವರೆಗೆ ಬಿಸಿಲು, ಧೂಳು ಎರಡೂ ಕೂಡದು. ಅವ್ವ ರೇಣುಕಾಗೆ ಅಂಗನವಾಡಿಯಲ್ಲಿ ಅಡುಗೆಯ ಕೆಲಸ, ಬಿಟ್ಟು ಬರುವಂತಿಲ್ಲ.

ಆ ಸಂಜೆ ದ್ರಾಕ್ಷಿ ಹೊಲದಿಂದ ಬಂದವಳೇ ಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅವ್ವಾ, ಟ್ರಂಕಿನ ಕೀಲಿ ಕೊಡು."

ರೇಣುಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಪರೀಕ್ಷಾ ಮುಗಿಯೋತನಕ ಆ ತಂತಿ ಪಿಂತಿ ಮುಟ್ಟೂದಿಲ್ಲ ಅಂದಾಕಿ ನೀನ ಅಲ್ಲೇನು?"

ಟ್ರಂಕಿನಲ್ಲಿ ದ್ರಾಕ್ಷಿಯ ಜೀವವೇ ಇತ್ತು: ಬೆಸುಗೆ ಹಾಕುವ ಕಡ್ಡಿ, ಕೆಟ್ಟ ಟಿವಿಯಿಂದ ಬಿಚ್ಚಿದ ಬೋರ್ಡುಗಳು, ಒಡೆದ ಫೋನುಗಳು, ಬಣ್ಣಬಣ್ಣದ ತಂತಿ. ಹೋದ ಸಲ ಗಣಿತ ಓದಬೇಕಾದ ವಾರವೆಲ್ಲ ಅವಳು ಚಪ್ಪಾಳೆ ತಟ್ಟಿದರೆ ಹತ್ತುವ ದೀಪ ಮಾಡುತ್ತ ಕೂತಿದ್ದಳು. ದೀಪವೇನೋ ಹತ್ತಿತು. ಫಲಿತಾಂಶ ಬಂದ ದಿನ ರೇಣುಕಾ ಎಲ್ಲವನ್ನೂ ತುಂಬಿ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಪರೀಕ್ಷಾಕ್ಕ ಹೋಗಾಕ ಬೇಕವ್ವ ಅದು. ಇಲ್ಲಾಂದ್ರ ಹೊಲಾ ಬಿಡಬೇಕು, ಇಲ್ಲಾ ಪೇಪರ್ ಬಿಡಬೇಕು."

"ಕೊಡ ರೇಣುಕಾ," ಪಡಸಾಲೆಯಿಂದ ಆಯಿಯ ದನಿ ಬಂತು. "ನಾ ಇಲ್ಲಿ ಬುಟ್ಟಿ ಮುಚ್ಚಿದ ಕೋಳಿಯಂಗ ಕುಂತೀನಿ. ಹುಡುಗಿ ಹ್ವಾದ್ರ ಹಕ್ಕಿ ಯಾರು ಹೊಡೀಬೇಕು, ನಿನ್ನ ಅಂಗನವಾಡಿ ಕೂಸುಗಳೇನ?"

ಶನಿವಾರ ಬೆಳಗಿನ ಹೊತ್ತಿಗೆ ಪೆಟ್ಟಿಗೆ ಸಿದ್ಧವಾಯಿತು. ಗಾಜು ಸೀಳಿದ ಹಳೆಯ ಫೋನು, ಟಿವಿಯ ಬೋರ್ಡು, ಬೈಕಿನ ಬ್ಯಾಟರಿ, ಅದಕ್ಕೆ ಬಿಸಿಲು ಕುಡಿಸುವ ಅಂಗೈಯಗಲದ ಸೋಲಾರ್ ಹಲಗೆ. ಬಳೆ ಮಾರುವ ನಸೀಮಾಬಿ ತನ್ನ ಗಾಡಿಯ ಮೇಲೆ ಒದರುತ್ತಿದ್ದ ಹಳೆಯ ಮೈಕಿನ ಭೋಂಗಾವನ್ನು "ತಗೋ ಬೇಟಾ, ನನಗ ಹೊಸಾದು ಬಂದೈತಿ," ಎಂದು ಕೊಟ್ಟಿದ್ದಳು. ದ್ರಾಕ್ಷಿ ತನ್ನದೇ ದನಿಯಲ್ಲಿ "ಹೊಯ್! ಹೊಯ್!" ಎಂದು ತುಂಬಿ, ಮೂರು ನಿಮಿಷಕ್ಕೊಮ್ಮೆ ಒದರುವಂತೆ ಹೊಂದಿಸಿ ಅಟ್ಟಣಿಗೆಗೆ ಕಟ್ಟಿದಳು. ಮೊದಲ ಸಲ ಇಡೀ ಹೊಲವೇ ಎದ್ದು ಹಾರಿತು. ಎರಡನೆಯ ಸಲ ಅರ್ಧ ಹೊಲ. ಮಧ್ಯಾಹ್ನದ ಹೊತ್ತಿಗೆ ಒಂದು ಗುಬ್ಬಿ ಭೋಂಗಾದ ಅಂಚಿನ ಮೇಲೇ ಕೂತು, ಅವಳ "ಹೊಯ್" ಮುಗಿಯುವವರೆಗೆ ತಾಳ್ಮೆಯಿಂದ ಕಾದು, ಆಮೇಲೆ ತೆನೆಗೆ ಇಳಿಯಿತು.

ಇದನ್ನು ಕೇಳಿ ಆಯಿ ಕನ್ನಡಕ ಅಲ್ಲಾಡುವಂತೆ ನಕ್ಕಳು. "ಮೂರ ನಿಮಿಷಕ್ಕೊಮ್ಮೆ ಬೈದ್ರ ಕಟಗೊಂಡ ಗಂಡನೂ ಅಂಜಂಗಿಲ್ಲ, ಗುಬ್ಬಿ ಅಂಜತೈತೇನ ಹುಚ್ಚಿ? ಯಾವಾಗ ಬೈತಾಳ, ಯಾವಾಗ ಸುಮ್ಕಿರತಾಳ ಅಂತ ತಿಳೀಬಾರದು. ತಾ ಇಲ್ಲಿ ಆ ಫೋನು."

ಭಾನುವಾರ ಇಳಿಹೊತ್ತಿನಲ್ಲಿ ದ್ರಾಕ್ಷಿ ಫೋನನ್ನು ಆಯಿಯ ಮುಂದೆ ಇಟ್ಟು, ಕೈಗೊಂದು ಡಬ್ಬಿ ಕೊಟ್ಟು, ತಾನು ಒಳಗೆ ನಾಳೆಯ ಪೇಪರಿಗೆ ಕೂತಳು. ಕಣ್ಣು ಮುಚ್ಚಿದ್ದರೂ ಮುದುಕಿಗೆ ಪಡಸಾಲೆಯಲ್ಲಿ ಮೂರೆಕರೆ ಕಾಣಿಸಿರಬೇಕು. "ಹೋ... ಹೋ... ಹಾ! ಏ ಗಿಣಿರಾಮಾ, ನಿಮ್ಮಪ್ಪ ಬಿತ್ಯಾನೇನಲೇ ಇದನ್ನ?" ಎಂಬ ಕೂಗಿಗೆ ಓಣಿಯ ನಾಯಿ ಎದ್ದು ಹೋಯಿತು. ಆಮೇಲೆ ಡಬ್ಬಿ, ಆಮೇಲೆ ಮೌನ, ಆಮೇಲೆ ಗೊಣಗಾಟ. ನಡುವೆಲ್ಲೋ ಕತೆಯೂ ಶುರುವಾದಂತಿತ್ತು. ಆಯಿಗೆ ಅದು ಅಭ್ಯಾಸ. ಅಟ್ಟಣಿಗೆಯ ಮೇಲೆ ಒಬ್ಬಳೇ ಇದ್ದಾಗ ಹೊತ್ತು ಹೋಗಲು ತನಗೆ ತಾನೇ ಕತೆ ಹೇಳಿಕೊಳ್ಳುವವಳು. ಬೇಡದ್ದನ್ನು ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡಳು ದ್ರಾಕ್ಷಿ. ನಲವತ್ತು ನಿಮಿಷದ ಧ್ವನಿಯಲ್ಲಿ ಮೊದಲ ಹತ್ತು ನಿಮಿಷ ಕೇಳಿದಳು, ಬರೀ ಕೂಗಾಟ, ಬೊಂಬಾಟಾಗಿತ್ತು. ಉಳಿದದ್ದನ್ನು ಕೇಳಲು, ಓದದೆ ಬಾಕಿಯಿದ್ದ ಎರಡು ಅಧ್ಯಾಯ ಬಿಡಲಿಲ್ಲ. ಬೆಳಗಾದ ಕೂಡಲೇ ಹೊಲಕ್ಕೆ ಓಡಿ, ಇದ್ದದ್ದನ್ನು ಇದ್ದ ಹಾಗೇ ಹಚ್ಚಿ, ಕೊಪ್ಪಳದ ಬಸ್ಸು ಹಿಡಿದಳು.

ಪೇಪರು ಚೆನ್ನಾಗಿಯೇ ಆಯಿತು. ಹೊರಗೆ ಬಂದು ತನ್ನ ಫೋನು ಹಚ್ಚಿದರೆ ಅವ್ವನ ಆರು ಕರೆ ಬಂದುಹೋಗಿದ್ದವು. ಏಳನೆಯದು ಕೈಯಲ್ಲೇ ಹೊಡೆದುಕೊಂಡಿತು.

"ಅವ್ವಾ, ಹಕ್ಕಿ ಬಿದ್ವೇನ?"

"ಹಕ್ಕಿ ಅಲ್ಲಬೇ, ನಮ್ಮ ಮನಿ ಮರ್ಯಾದಿ ಬಿತ್ತು! ನಿನ್ನ ಪೆಟ್ಟಿಗಿ ಏನೇನ ಒದರಾಕತ್ತೈತಿ ಕೇಳೀಯೇನು? ಅಂಗನವಾಡಿಗೆ ಬಂದ ಹೆಣ್ಮಕ್ಕಳೆಲ್ಲಾ ನನ್ನ ಸಾರಿಗೆ ಉಪ್ಪ ಕೇಳಾಕತ್ಯಾರ. ಆ ಪಕ್ಕೀರವ್ವನ ಗತಿ ಅಂತೂ ಕೇಳಬ್ಯಾಡ. ಮನಿಗೆ ಬರಬ್ಯಾಡ, ಸೀದಾ ಹೊಲಕ್ಕ ಹೋಗು."

ಪಕ್ಕೀರವ್ವ ಎಂದರೆ ಬದುವಿನ ಆಚೆಯ ಹೊಲದಾಕೆ. ಆಯಿಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿಯಲ್ಲಿ ಹತ್ತು ವರ್ಷ ದೊಡ್ಡವಳು. ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತ ದ್ರಾಕ್ಷಿಗೆ ದಾರಿಯುದ್ದಕ್ಕೂ ಒಂದೇ ಚಿತ್ರ: ಪಕ್ಕೀರವ್ವ ಕಲ್ಲು ತೂರಿ ಪೆಟ್ಟಿಗೆ ಪುಡಿ ಮಾಡಿದ್ದಾಳೆ, ಮೂರೆಕರೆಯಲ್ಲಿ ಗಿಳಿಗಳ ಮದುವೆ ನಡೆದಿದೆ.

ಹೊಲದ ಹತ್ತಿರ ಬಂದಾಗ ಎರಡು ದನಿ ಕೇಳಿದವು. ಒಂದು ಭೋಂಗಾದ್ದು. "ಆ ಪಕ್ಕೀರಿ ನೋಡು, ಬಾಯಿ ನೋಡಿದ್ರ ಯಲಬುರ್ಗಿ ತನಕ ಕೇಳತೈತಿ, ಹಕ್ಕಿ ಹೊಡಿ ಅಂದ್ರ ಎಲಿಅಡಕಿ ಮೆಲಕೋತ ಕುಂದರತಾಳ. ಆಕಿ ಹೊಲದ ಹಕ್ಕಿ ಎಲ್ಲಾ ನಮ್ಮ ಹೊಲಕ್ಕ ಬೀಗರಂಗ ಬರತಾವ!"

"ಎಲಿಅಡಕಿ ನಿಮ್ಮಪ್ಪನ ಮನೀದು ತಿಂತೀನೇನ ಹಂಪೀ!" ಬದುವಿನ ಮೇಲೆ ಸೆರಗು ಕಟ್ಟಿ ನಿಂತ ಪಕ್ಕೀರವ್ವ ಕೈಬೀಸಿ ಒದರಿದಳು.

"ನಮ್ಮ ರೇಣುಕಾ ಛಲೋಕಿನ, ಸುಳ್ಳ್ಯಾಕ ಹೇಳ್ಲಿ. ಆದ್ರ ಸಾರಿಗೆ ಉಪ್ಪ ಹಾಕೂವಾಗ ಆಕಿ ಲಕ್ಷ್ಯ ಇನ್ನೊಬ್ಬರ ಮನ್ಯಾಗ ಇರತೈತಿ. ಹೋ... ಹಾ!" ಭೋಂಗಾ ತನ್ನ ಪಾಡಿಗೆ ಮುಂದುವರಿಯಿತು.

"ಉಣ್ಣೂದ ಬಿಡು ಹಂಗಾರ! ನಾ ಬಂದು ಉಣಸತೀನಿ, ಬಾ!" ಬೆಳಗಿನಿಂದ ಕೇಳಿ ಕೇಳಿ ಪಕ್ಕೀರವ್ವನಿಗೆ ಯಾವ ಮಾತಿಗೆ ಯಾವ ಉತ್ತರ ಎಂದು ಬಾಯಿಪಾಠವಾಗಿತ್ತು. ಮೂರೆಕರೆಯ ಮೇಲೂ, ಆಚೆಯ ಎರಡೆಕರೆಯ ಮೇಲೂ ಒಂದೇ ಒಂದು ರೆಕ್ಕೆ ಕಾಣಲಿಲ್ಲ.

ದ್ರಾಕ್ಷಿಯನ್ನು ಕಂಡವಳೇ ಅವಳು ಸೊಂಟದ ಮೇಲೆ ಕೈಯಿಟ್ಟಳು. ದನಿ ಕಟ್ಟಿಹೋಗಿತ್ತು. "ಬಾರವ್ವ ಇಂಜಿನೇರಿ, ಬಾ. ಹದಿಮೂರು ಸಲ! ಹದಿಮೂರು ಸಲ ಬೈಸಿಕೊಂಡೀನಿ ಮುಂಜಾಲಿಂದ."

"ತಪ್ಪಾತು ಅತ್ತಿ. ಅದನ್ನ ಕತ್ತರಿಸಬೇಕಿತ್ತು. ಪರೀಕ್ಷಾ ಇತ್ತು, ಹೊತ್ತು ಸಿಗಲಿಲ್ಲ..." ಎಂದಳು ದ್ರಾಕ್ಷಿ.

"ಅದು ಹಾಳಾಗಿ ಹೋಗ್ಲಿ. ಆ ಸಣ್ಣ ಸೊಸಿ ಮೂರನೇ ಬಾಗಲಾ ತಗದಳೋ ಇಲ್ಲೋ, ಅದನ್ನ ಹೇಳು."

ದ್ರಾಕ್ಷಿ ಕಣ್ಣು ಪಿಳಿಪಿಳಿ ಬಿಟ್ಟಳು. ಭೋಂಗಾದಲ್ಲಿ ಆಯಿ ಅಷ್ಟರಲ್ಲಿ ಕತೆಗೆ ಬಂದಿದ್ದಳು. ಒಬ್ಬ ರಾಜನ ನಿದ್ದೆ ಕಳೆದುಹೋಗಿತ್ತಂತೆ. ಹುಡುಕಿ ತರಲು ಕಿರಿಯ ಸೊಸೆ ಬುತ್ತಿ ಕಟ್ಟಿಕೊಂಡು ಹೊರಟು, ಏಳು ಬಾಗಿಲಿನ ಮನೆ ಸೇರಿ, ಮೂರನೆಯ ಬಾಗಿಲಿಗೆ ಕೈ ಹಚ್ಚಿದಳು. ಅಲ್ಲಿಗೆ ನಲವತ್ತು ನಿಮಿಷ ಮುಗಿದು, ಮತ್ತೆ "ಹೋ... ಹೋ... ಹಾ!"

"ಹದಿಮೂರು ಸಲ ಕೈ ಹಚ್ಯಾಳ ನೋಡು ಆ ಹುಡುಗಿ," ಎಂದಳು ಪಕ್ಕೀರವ್ವ ಸಂಕಟದಿಂದ. "ಒಮ್ಮೆರ ತಗದಾಳೇನ!"

ಆ ಸಂಜೆ ಅವಳು ದ್ರಾಕ್ಷಿಯ ಹಿಂದೆಯೇ ಮನೆಗೆ ಬಂದಳು. ಚಪ್ಪಲಿ ಬಿಡುವ ಸದ್ದಿಗೇ ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಹೊಳ್ಳಿ ಕುಂದರು ಹಂಪಿ, ನಾ ಏನ ಹೊಡಿಯಾಕ ಬಂದಿಲ್ಲ. ಎಲಿಅಡಕಿ ತಂದೀನಿ, ಮೆಲಕೋತ ಕುಂದರೂನು. ಮುಂದಿಂದ ಹೇಳು."

ದ್ರಾಕ್ಷಿ ಇಬ್ಬರ ನಡುವೆ ಫೋನು ಇಟ್ಟು ಒಳಗೆ ಓದಲು ಹೋದಳು. ಬುಧವಾರದ ಭೋಂಗಾದಲ್ಲಿ ಎರಡು ಮುದುಕಿಯರು ಇದ್ದರು. ಒಬ್ಬಳು ಕತೆ ಹೇಳುತ್ತಿದ್ದಳು, ಇನ್ನೊಬ್ಬಳು ಅಡ್ಡಬಾಯಿ ಹಾಕುತ್ತಿದ್ದಳು, ಸಿಟ್ಟು ಬಂದಾಗ ಇಬ್ಬರೂ ಕೂಡಿ ಗಿಳಿಗಳನ್ನು ಬೈಯುತ್ತಿದ್ದರು. ರಾಜನ ನಿದ್ದೆ ಒಬ್ಬ ಬೀಸುವ ಮುದುಕಿಯ ಮನೆಯಲ್ಲಿ ಕೂಲಿಗೆ ನಿಂತಿತ್ತು, ಹಾಸಿಗೆ ಹಾಸಿದಾಗ ಮಾತ್ರ ತನ್ನನ್ನು ನೆನೆಯುವ ರಾಜನ ಬಳಿ ತಿರುಗಿ ಬರಲು ಒಲ್ಲೆ ಎಂದಿತ್ತು. "ಬಂತೇನ ಕಡೀಕ?" ಎಂದು ಪಕ್ಕೀರವ್ವ ಕೇಳಿದ್ದಕ್ಕೆ, "ವಾರಕ್ಕೆರಡು ದಿನ ಬರ್ತೀನಿ ಅಂತು," ಎಂದಿದ್ದಳು ಆಯಿ. ಭೋಂಗಾ ಎಷ್ಟೇ ಕತೆ ಹೇಳಲಿ, ಬದುವಿನ ಆಚೆಯಿಂದ ಪಕ್ಕೀರವ್ವನ ಕಣ್ಣು ಎರಡೂ ಹೊಲದ ಮೇಲಿತ್ತು. ಶುಕ್ರವಾರದ ಪೇಪರೂ ಮುಗಿಯಿತು.

ಉಳಿದದ್ದು ಮತ್ತೊಂದು ಸೋಮವಾರದ ಗಣಿತ. ಅಂದು ಪಕ್ಕೀರವ್ವ ಮಗಳ ಊರು ಕನಕಗಿರಿಗೆ ಹೋಗಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಎರಡನೆಯ ಪ್ರಶ್ನೆ ಬರೆಯುವಾಗ ಹಾಳೆಯ ಮೇಲಿನ ಬೆಳಕು ಮಸುಕಾಯಿತು. ದ್ರಾಕ್ಷಿ ಕಿಟಕಿಯ ಕಡೆ ನೋಡಿದಳು. ಮಾಘದಲ್ಲಿ ಬರಬಾರದ ಮೋಡ, ಬೂದಿ ಎರಚಿದ ಹಾಗೆ ಆಕಾಶದ ತುಂಬ. ಬ್ಯಾಟರಿ ಹಳೆಯದು, ಬಿಸಿಲಿಲ್ಲದೆ ಎರಡು ತಾಸು ದಾಟುವುದಿಲ್ಲ. ಈಗ ಎದ್ದರೆ ಹನ್ನೊಂದರ ಬಸ್ಸು ಸಿಗುತ್ತದೆ. ಆಯಿಯ ಕೈಹಿಡಿದು ಆಡಿದ ಮಾತು ನೆನಪಾಗಿ ಕಾಲು ತಾನಾಗಿ ಬೆಂಚಿನಿಂದ ಹೊರಗೆ ಬಂತು. ಪೆನ್ನು ಎರಡು ಸಲ ಮುಚ್ಚಿದಳು, ಎರಡು ಸಲ ತೆರೆದಳು. ಆಮೇಲೆ ಕಾಲನ್ನು ಒಳಗೆ ಎಳೆದುಕೊಂಡು ಮೂರನೆಯ ಪ್ರಶ್ನೆಗೆ ಹಾಳೆ ತಿರುವಿದಳು. ಅಟ್ಟಣಿಗೆಯ ಮೇಲೆ ನೂರು ಸಲ ಮೊದಲಿನಿಂದ ಶುರು ಮಾಡಿದ್ದ ಲೆಕ್ಕವೇ ಅಲ್ಲಿತ್ತು, ಕೊನೆಯ ಸಾಲಿನವರೆಗೆ ಸರಾಗ ಇಳಿಯಿತು. ಈ ಪೇಪರು ಉಳಿಯುವುದಿಲ್ಲ ಎಂದು ಬರೆಯುತ್ತಿದ್ದಾಗಲೇ ಅವಳಿಗೆ ಗೊತ್ತಾಯಿತು. ಸಂತೋಷಪಡಲು ಮಾತ್ರ ಧೈರ್ಯ ಸಾಲಲಿಲ್ಲ.

ಮೂರರ ಹೊತ್ತಿಗೆ ಹೊಲದ ದಾರಿಯಲ್ಲಿ ಓಡುತ್ತ ಬಂದಳು. ಭೋಂಗಾ ಮೂಕವಾಗಿತ್ತು. ಆದರೆ ಯಾರೋ ಒದರುತ್ತಿದ್ದರು. ಪರಿಚಯವಿಲ್ಲದ, ಸೀಳುಸೀಳಾದ ದನಿ, ಜೊತೆಗೆ ತಟ್ಟೆ ಬಡಿಯುವ ಸದ್ದು.

"ಹೊಯ್! ಉಪ್ಪ ಕಡಿಮಿ ಆಗೇತೇನ ನಿಮಗೂ? ಉಪ್ಪ ಹಚ್ಚಿ ಕೊಡ್ಲೇನ? ಹೊಯ್!"

ಅಟ್ಟಣಿಗೆಯ ಮೇಲೆ ರೇಣುಕಾ ನಿಂತಿದ್ದಳು. ಅಂಗನವಾಡಿಯ ಸೀರೆಯ ಸೆರಗು ತಲೆಯಿಂದ ಜಾರಿತ್ತು, ಕೂದಲು ಬಿಚ್ಚಿತ್ತು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಎದುರು ದನಿ ಎತ್ತದವಳು. ಮಗಳನ್ನು ಕಂಡು ತಟ್ಟೆಯನ್ನು ಹಿಂದೆ ಬಚ್ಚಿಟ್ಟುಕೊಂಡಳು.

"ಮ್ವಾಡಾ ನೋಡಿ ಅರ್ಧ ದಿನ ರಜಾ ಹಾಕಿ ಬಂದ್ನಿ," ಎಂದಳು. ಆಮೇಲೆ ಮೆಲ್ಲಗೆ, "ಪೇಪರ್ ಬರದಿಯೇನ?"

"ಬರದ್ನಿ ಅವ್ವ. ಎಲ್ಲಾ ಬರದ್ನಿ."

ರೇಣುಕಾ ಉಸಿರು ಬಿಟ್ಟಳು, ತಟ್ಟೆ ಮುಂದೆ ತಂದಳು. "ಹಂಗಾರ ನೀ ಕೆಳಗ ಕುಂದರು ಒಂದೀಟ. ಇದು ಭಾಳ ಛಲೋ ಅನಸಾಕತ್ತೈತಿ ನನಗ," ಎಂದವಳೇ ಆಕಾಶಕ್ಕೆ ಮುಖ ಮಾಡಿ ಮತ್ತೊಮ್ಮೆ ಒದರಿದಳು.

ಮತ್ತೆ ಹತ್ತು ದಿನ ದ್ರಾಕ್ಷಿ ಭೋಂಗಾ ಹಚ್ಚಿಟ್ಟು ತಾನೂ ಕೂತು ಕಾಯ್ದಳು, ಪುಸ್ತಕವಿಲ್ಲದೆ. ತಿಂಗಳ ಗಡುವು ಮುಗಿದ ಭಾನುವಾರ ಕಳಕಪ್ಪ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಲಕ್ಕೆ ತಂದ. ಹಂಪವ್ವ ಕನ್ನಡಕ ಹಣೆಗೇರಿಸಿ ಬದುವಿನ ಮೇಲೆ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಮಗ ಬಗ್ಗಿಸಿ ಹಿಡಿದ ತೆನೆಯಿಂದ ಒಂದು ಕಾಳು ಬಿಡಿಸಿ, ಉಳಿದ ನಾಲ್ಕು ಹಲ್ಲಿನಲ್ಲಿ ಎರಡರ ನಡುವೆ ಇಟ್ಟು ಕಚ್ಚಿದಳು.

ಭೋಂಗಾದ ಎರಡು ಕೂಗಿನ ನಡುವೆ ಕಟಕ್ಕೆಂದ ಸದ್ದು ಅಟ್ಟಣಿಗೆಯವರೆಗೂ ಕೇಳಿತು.

"ಆತು," ಎಂದಳು ಆಯಿ. "ಇಳೀಬೇ ದ್ರಾಕ್ಷಿ."

ದ್ರಾಕ್ಷಿ ಬ್ಯಾಟರಿಯ ತಂತಿ ಕಿತ್ತಳು. ಒಣಗಿದ ಜೋಳದ ಗರಿಗಳು ಗಾಳಿಗೆ ಒಂದಕ್ಕೊಂದು ಉಜ್ಜುವ ಸದ್ದು ಮೂರೆಕರೆಯ ತುಂಬ ಕೇಳತೊಡಗಿತು.